ಮೂವತ್ತೇಳನೆಯ ಫೋಟೊ

ಅಂದು ಬೆಳಗ್ಗೆ ಮಂಜು ಬಿದ್ದಿತ್ತು. ದಟ್ಟ ಮಂಜಲ್ಲ, ತೊಳೆದು ತೊಳೆದು ತೆಳುವಾದ ಬಿಳಿ ಬಟ್ಟೆಯಂಥದ್ದು. ಸೂರ್ಯ ಅದರ ಹಿಂದಿನಿಂದ ಮೆಲ್ಲಗೆ ಇಣುಕುತ್ತಿದ್ದ. ಮುಖದ ಫೋಟೊ ತೆಗೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಬೆಳಕು ಬೇಡಿದರೂ ಸಿಗದು. ದೇವರು ಬೇಡದೆಯೇ ಕೊಟ್ಟಿದ್ದ. ಅಂಥ ಬೆಳಗಿನಲ್ಲೇ ಅವಳಿಗೆ ಹುಟ್ಟಿದಾಗಿನಿಂದ ಬಾರದಷ್ಟು ಸಿಟ್ಟು ಬಂತು.

ಅವಳು ಸೋದರತ್ತೆಯ ಜೊತೆ ಬಟ್ಟೆ ಹೊಲಿಯುವವಳು. ವಾರಕ್ಕೆರಡು ದಿನ ಫೋಟೊ ತೆಗೆಯುವುದನ್ನು ಕಲಿಯಲು ಹೋಗುತ್ತಿದ್ದಳು. ಅಲ್ಲಿಯ ಮೇಷ್ಟ್ರು ಇಬ್ಬಿಬ್ಬರಿಗೆ ಒಂದೊಂದು ಹಳೆಯ ಫಿಲ್ಮ್ ಕ್ಯಾಮೆರಾ ಕೊಟ್ಟಿದ್ದರು. ಫಿಲ್ಮ್ ಒಂದೇ, ಅದರಲ್ಲಿ ಮೂವತ್ತಾರು ಫೋಟೊ, ಮಾಡಬೇಕಾದ ಅಭ್ಯಾಸ ಹನ್ನೆರಡು. ಒಂದೇ ಕುರ್ಚಿಯ ಮೂರು ಹೊತ್ತಿನ ನೆರಳು, ಬಿಳಿ ಬಟ್ಟೆಯ ಮೇಲೆ ಬಿಳಿ ಮೊಟ್ಟೆ, ಓಡುವ ಸೈಕಲ್ ಚಕ್ರ, ಹೀಗೆ. ಕೊನೆಯದು ಕಿಟಕಿಯ ಬೆಳಕಿನಲ್ಲಿ ಒಂದು ಮುಖ. ಕಾಯುವುದು ಬಂದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ ಎನ್ನುತ್ತಿದ್ದರು ಮೇಷ್ಟ್ರು.

ಅವಳಿಗೆ ಜೋಡಿಯಾಗಿ ಸಿಕ್ಕವನು ಗಡಿಯಾರ ರಿಪೇರಿ ಮಾಡುವವನು. ಅಭ್ಯಾಸಕ್ಕೆಂದು ಇಬ್ಬರೂ ದಿನಾ ಬೆಳಗ್ಗೆ ಸೇರುತ್ತಿದ್ದರು. ದಿನವಿಡೀ ಭೂತಗನ್ನಡಿ ಒತ್ತಿಕೊಂಡು ಅವನ ಬಲಗಣ್ಣಿನ ಸುತ್ತ ಕೆಂಪು ಬಳೆಯಂಥ ಗುರುತು ಮೂಡಿತ್ತು. ಮೊದಲ ದಿನ ಅದನ್ನು ನೋಡಿ ನಕ್ಕವಳು ಆಮೇಲೆ ಅದನ್ನೇ ಹುಡುಕತೊಡಗಿದ್ದಳು. ಯಂತ್ರದ ಕೆಲಸ ನನಗೆ ಬಿಡಿ ಎಂದು ಫಿಲ್ಮ್ ಹಾಕಿದವನು ಅವನೇ.

ಕೊನೆಯ ಮೂರು ಫೋಟೊ ಅತ್ತೆಯದು. ಅತ್ತೆಯ ಎಡಗೆನ್ನೆ ಇಸ್ತ್ರಿಪೆಟ್ಟಿಗೆಯ ಕೆಂಡಕ್ಕೆ ಸುಟ್ಟು ಇಪ್ಪತ್ತು ವರ್ಷವಾಗಿತ್ತು. ಅಂದಿನಿಂದ ಅವರು ಯಾವ ಕ್ಯಾಮೆರಾಕ್ಕೂ ಮುಖ ಕೊಟ್ಟವರಲ್ಲ. ಅಣ್ಣನ ಮಗಳು ತಿಂಗಳುಗಟ್ಟಲೆ ಗೋಗರೆದ ಮೇಲೆ ಒಪ್ಪಿದ್ದರು. "ಒಂದೇ ಸಲ ಕಣೇ. ಮತ್ತೆ ಕೇಳಬೇಡ."

ಅಂದು ತಲೆ ಬಾಚಿ, ಮಡಿಕೆ ಮುರಿಯದ ಸೀರೆ ಉಟ್ಟು ಕಿಟಕಿಯ ಬಳಿ ಕೂತರು. ಮೂರು ಸಲ ಕ್ಲಿಕ್ ಆಯಿತು. ಅವಳು ಕುಣಿಯುತ್ತ ಓಣಿಗೆ ಬಂದಳು, ಹಿಂದೆಯೇ ಅವನೂ ಬಂದ. ಫಿಲ್ಮ್ ಮುಂದೆ ಸರಿಸುವ ಲಿವರನ್ನು ಅವಳು ಸುಮ್ಮನೆ ಎಳೆದಳು. ಮೂವತ್ತಾರು ಮುಗಿದ ಮೇಲೆ ಅದು ಅಲುಗಬಾರದು. ಅದು ಸಲೀಸಾಗಿ ತಿರುಗಿತು. ಮೂವತ್ತೇಳು. ಮತ್ತೆ ಎಳೆದಳು, ಮೂವತ್ತೆಂಟು. ಫಿಲ್ಮ್ ಸರಿದಂತೆಲ್ಲ ತಿರುಗಬೇಕಾದ ಎಡಗಡೆಯ ಗುಂಡಿ ಕಲ್ಲಿನಂತೆ ಕೂತಿತ್ತು.

ಹಿಂಬದಿಯ ಮುಚ್ಚಳ ತೆಗೆದಳು. ಫಿಲ್ಮಿನ ತುದಿ ಅದನ್ನೆಳೆಯುವ ಚಕ್ರದ ಹಲ್ಲಿಗೆ ಕಚ್ಚದೆ, ಮೊದಲ ದಿನ ಇಟ್ಟ ಜಾಗದಲ್ಲೇ ನಾಲಿಗೆ ಚಾಚಿ ಮಲಗಿತ್ತು. ಆರು ವಾರದಲ್ಲಿ ಒಂದು ಫೋಟೊವೂ ಬಿದ್ದಿರಲಿಲ್ಲ.

ಗಡಿಯಾರದೊಳಗೆ ಕೂದಲೆಳೆ ಸಿಕ್ಕಿಕೊಂಡರೂ ಸದ್ದಿನಲ್ಲೇ ಕಂಡುಹಿಡಿಯುವವನು ಅವನು. ಅವಳು ತಲೆಯೆತ್ತಿ ನೋಡಿದಳು.

"ಗೊತ್ತಿತ್ತು ತಾನೇ ನಿಮಗೆ?"

"ಹೂಂ."

"ಯಾವಾಗಿಂದ?"

"ಮೊಟ್ಟೆಯಿಂದ."

ಅಂದರೆ ಎರಡನೆಯ ಅಭ್ಯಾಸದಿಂದ. ಅವಳ ಸಿಟ್ಟು ನೆತ್ತಿಗೇರಿತು. ಅವನು ನೆಲ ನೋಡುತ್ತ ಹೇಳಿದ, "ಫಿಲ್ಮ್ ಹಾಕೋಕೂ ಬರದೋನು ಅಂತ ನೀವು ಬೇರೆ ಜೋಡಿ ಕೇಳ್ತೀರಿ ಅನ್ನಿಸ್ತು. ಆಮೇಲೆ... ಇದು ಮುಗಿಯೋದೇ ಇಲ್ಲ, ದಿನಾ ಬೆಳಗ್ಗೆ ನೀವು ಬರ್ತಾನೇ ಇರ್ತೀರಿ ಅಂತ ಆಸೆ ಬಂತು. ಇವತ್ತು ಹೇಳಬೇಕು ಅಂತಲೇ ಬಂದೆ. ಅತ್ತೆ ಆಗಲೇ ತಲೆ ಬಾಚಿಕೊಂಡು ಕೂತಿದ್ರು. ಬಾಯಿ ಬರಲಿಲ್ಲ."

"ನಿಮ್ಮ ಆಸೆಗೆ ನನ್ನ ಅತ್ತೆಯ ಮುಖಾನೇ ಬೇಕಿತ್ತಾ?"

ಬೇರೆ ಯಾವ ದಿನವಾದರೂ ಆ ಆಸೆಯ ಮಾತಿಗೆ ಅವಳ ಎದೆ ಹೂವಾಗುತ್ತಿತ್ತು. ಈಗ ಅದೇ ಮಾತು ಸೂಜಿಯಂತೆ ಚುಚ್ಚಿತು. ಕ್ಯಾಮೆರಾವನ್ನು ಅವನ ಕೈಗೆ ತುರುಕಿದಳು. "ನಂಗಲ್ಲ, ಒಳಗೆ ಹೋಗಿ ಅವರಿಗೆ ಹೇಳಿ."

ಅರ್ಧ ದಾರಿಯಲ್ಲೇ ಓಡಿಹೋಗುತ್ತಾನೆಂದುಕೊಂಡು ಹತ್ತು ಹೆಜ್ಜೆ ಹಿಂದೆ ನಡೆದಳು. ಅವನು ಓಡಲಿಲ್ಲ. ಹೊಲಿಗೆ ಮಿಷನ್ ಮುಂದೆ ನಿಂತು ಎಲ್ಲವನ್ನೂ ಒಪ್ಪಿಸಿದ, ಮೊಟ್ಟೆಯನ್ನೂ ಬಿಡದೆ, ಆಸೆಯನ್ನೂ ಬಿಡದೆ.

ಅತ್ತೆ ಸೂಜಿಗೆ ದಾರ ಪೋಣಿಸಿ ಮುಗಿಸಿದರು. "ಅಂದ್ರೆ ನಾನು ತಲೆ ಬಾಚಿಕೊಂಡಿದ್ದು ದಂಡ. ಅಷ್ಟು ಗಡಿಯಾರ ಬಿಚ್ಚೋನಿಗೆ ಬಾಯಿ ಬಿಚ್ಚೋಕೆ ಆರು ವಾರ ಬೇಕಾಯ್ತೇನಪ್ಪಾ?" ಆಮೇಲೆ ಎದ್ದುಹೋಗಿ ಮತ್ತೆ ಕಿಟಕಿಯ ಬಳಿಯೇ ಕೂತರು. "ಮಂಜು ಕರಗೋ ಮೊದಲು ಬನ್ನಿ. ಆಗ ನೀವಿಬ್ಬರೂ ನನ್ನ ಸುಟ್ಟ ಕೆನ್ನೇನ ಕತ್ತಲೆ ಕಡೆ ತಿರುಗಿಸಿದ್ರಿ. ನಾನು ನೋಡಲಿಲ್ಲ ಅಂದ್ಕೊಂಡ್ರಾ? ಅಲ್ಲಿ ಮಡಚಿಟ್ಟಿರೋ ಬಿಳಿ ಬಟ್ಟೆ ಈ ಕಡೆ ಹಿಡಿಯಪ್ಪ, ಬೆಳಕು ಇತ್ತಲೂ ಬೀಳಲಿ. ದೇವರು ಕೆನ್ನೆ ನೋಡಿ ಬೆಳಕು ಕೊಡೋದಿಲ್ಲ."

ಫಿಲ್ಮ್ ಹೇಗಿದ್ದರೂ ಹೊಸದರಂತೆಯೇ ಇತ್ತು. ಈ ಸಲ ಅವಳೇ ಹಾಕಿದಳು, ಹಲ್ಲು ಕಚ್ಚಿದ್ದನ್ನು ಬೆರಳಿಂದ ಮುಟ್ಟಿ ನೋಡಿದಳು. ಅವನು ಮಂಡಿಯೂರಿ ಬಟ್ಟೆ ಹಿಡಿದ. ಅದರಿಂದ ಬೆಳಕು ಹೊರಳಿ ಇಪ್ಪತ್ತು ವರ್ಷದ ಕಲೆಯ ಮೇಲೆ ಕೂತಿತು.

ಮಿಕ್ಕ ಹನ್ನೊಂದು ಅಭ್ಯಾಸಗಳನ್ನೂ ಮೊದಲಿಂದ ಮಾಡಬೇಕಾಯಿತು. ಬೆಳಗ್ಗೆ ಬರುತ್ತಿದ್ದಳು, ಮಾತಾಡುತ್ತಿರಲಿಲ್ಲ. ಪ್ರತಿ ಸಲ ಲಿವರ್ ಎಳೆದಾಗ ಅವನು ಗುಂಡಿ ನೋಡಿ "ತಿರುಗಿತು" ಅನ್ನುತ್ತಿದ್ದ. ಬೇರೆ ಮಾತಿಗೆ ಅವಳು ಎಡೆ ಕೊಟ್ಟಿರಲಿಲ್ಲ. ಸಿಟ್ಟನ್ನು ಅವಳು ಮಗುವಿನಂತೆ ಸಾಕಿದಳು. ಮೊಟ್ಟೆಯ ದಿನ ಅವನ ಕೈಜಾರಿ ಮೊಟ್ಟೆ ಒಡೆಯಿತು. ಅವಳು ಗೋಡೆಯ ಕಡೆ ತಿರುಗಿ ನಕ್ಕಳು, ತಿರುಗಿ ಬರುವಾಗ ಮುಖ ಬಿಗಿದುಕೊಂಡೇ ಬಂದಳು.

ಮೂವತ್ತಾರು ಆದ ಬೆಳಗ್ಗೆ ಲಿವರ್ ಗಟ್ಟಿಯಾಗಿ ನಿಂತಿತು. ಮತ್ತೆ ಎಳೆದಳು. ಕದಲಲಿಲ್ಲ.

"ಮುಗೀತು," ಅಂದ ಅವನು.

ಈಗ ಅವಳ ಸಿಟ್ಟೆಲ್ಲ ಫಿಲ್ಮಿನ ಮೇಲೆ ಹೋಯಿತು. "ಇನ್ನೊಂದು ತರ್ತೀನಿ ಅನ್ನೋಕೂ ಬಾಯಿಲ್ವಾ ನಿಮಗೆ?"

ಅವನು ಜೇಬಿನಿಂದ ಹೊಸ ಫಿಲ್ಮ್ ತೆಗೆದ. ಅದರ ಪೊಟ್ಟಣ ಜೇಬಿನಲ್ಲಿದ್ದೂ ಇದ್ದೂ ಅಂಚು ಸವೆದಿತ್ತು. "ನೀವೇ ಹಾಕಿ. ನಾನು ಬಟ್ಟೆ ಹಿಡೀತೀನಿ. ಎಲ್ಲೀವರೆಗೆ ಹಿಡಿ ಅಂತೀರೋ ಅಲ್ಲೀವರೆಗೆ."

ಅವಳು ಪೊಟ್ಟಣ ಹರಿದು ಅಲ್ಲೇ ಮೆಟ್ಟಿಲ ಮೇಲೆ ಕೂತು ಫಿಲ್ಮ್ ಹಾಕತೊಡಗಿದಳು.

ವಾರದ ನಂತರ ಅವನು ಅತ್ತೆಯ ಹೊಲಿಗೆ ಅಂಗಡಿಗೆ ಬಂದ. ಅತ್ತೆ ಮಿಷನ್ ತುಳಿಯುವುದನ್ನು ನಿಲ್ಲಿಸಿದರು. ಬಿಳಿ ಕಾಗದದಲ್ಲಿ ಸುತ್ತಿದ ಅವರ ಮುಖದ ಫೋಟೊವನ್ನು ಅವನು ಎರಡೂ ಕೈಯಿಂದ ಅವರ ಕೈಗೆ ಇಟ್ಟ.