ಕೇಳದೆ ಹೇಳಿದ ಮಾತು

“ಬಾಟ್ಲು ಕೊಡ್ರೀ, ಯಾಕೆ ಮುಚ್ಕೋತೀರಾ?”

ಶಿರಾ ಗೇಟ್ ಬಳಿಯ ಲ್ಯಾಬಿನಲ್ಲಿ ಆ ಯುವಕ ಕೇಳಿದಾಗ ಕರಿಬಸಮ್ಮ ನಾಚಿ ನೀರಾದಳು. ಸೆರಗಿನ ಮರೆಯಲ್ಲಿದ್ದುದು ಮೂತ್ರದ ಬಾಟಲಿ! ಗುಬ್ಬಿ ಶಾಲೆಯ ಮೇಡಂ ತಾನು, ತನಗೆ ಇಪ್ಪತ್ತೆರಡನೇ ವಯಸ್ಸಿಗೇ ಸಕ್ಕರೆ ಕಾಯಿಲೆ...

ಅವಳ ಕಣ್ಣು ತುಂಬಿದ್ದು ಕಂಡು ಅವನು ದನಿ ತಗ್ಗಿಸಿದ. “ಇದನ್ನ ಮನೇಲೇ ನೋಡ್ಕೋಬಹುದು. ಟೆಸ್ಟಿಗೆ ಸೂಜಿ ಬೇಡ, ರಕ್ತ ಬೇಡ.”

ನೀಲಿ ದ್ರಾವಣಕ್ಕೆ ಬಾಟಲಿಯಿಂದ ಎಂಟು ಹನಿ ಹಾಕಿ ಕಾಯಿಸಿದ. ಅದು ಹಸಿರಾಯಿತು, ಹಳದಿಯಾಯಿತು. “ನೀಲಿಯಾಗೇ ಉಳಿದ್ರೆ ಸಕ್ಕರೆ ಇಲ್ಲ. ಇಟ್ಟಿಗೆ ಬಣ್ಣ ಬಂದ್ರೆ ಜಾಸ್ತಿ ಇದೆ ಅಂತ.”

ಅವನು ಕುಣಿಗಲ್ಲಿನ ಗುರುಸಿದ್ದಯ್ಯ. ದ್ರಾವಣ ಮುಗಿದಾಗಲೆಲ್ಲ ಅವಳು ಬಂದಳು. ಆಮೇಲಾಮೇಲೆ ಮುಗಿಯದಿದ್ದರೂ ಬಂದಳು!

ಎಪ್ಪತ್ತೊಂಬತ್ತರ ಯುಗಾದಿ ಕಳೆದು ಅವನು ಮದುವೆಯ ಮಾತೆತ್ತಿದ. ಅವಳು ಕೇಳಿದ್ದು ಒಂದೇ. “ಕಾಯಿಲೆ ವಿಷಯ ನಿಮ್ಮಮ್ಮಂಗೆ ನಾನೇ ಹೇಳ್ತೀನಿ.”

“ಆಯ್ತು ಕಣೇ.”

ಹೆಣ್ಣು ನೋಡಲು ಬಂದ ದಿನ ಅವನ ತಾಯಿ ಮಹಾಲಕ್ಷ್ಮಮ್ಮ ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟರು.

“ಈ ಹುಡುಗಿ ದಿನಾ ಉಚ್ಚೆ ಕಾಯಿಸ್ತಾಳಂತೆ! ನಾಳೆ ಮಕ್ಕಳಿಗೂ ಸಕ್ಕರೆ ಕಾಯ್ಲೆ ಬಂದ್ರೆ?”

ನೆಂಟರೆಲ್ಲ ಅವಳತ್ತ ತಿರುಗಿದರು. ಕರಿಬಸಮ್ಮ ಗುರುಸಿದ್ದಯ್ಯನತ್ತ ನೋಡಿದಳು. ಅವನು ತಲೆ ತಗ್ಗಿಸಿದ.

ಅಂದರೆ... ಇವನೇ! ನಂಬಿದ್ದು ಇವನೊಬ್ಬನನ್ನೇ ಅಲ್ಲವೇ?

ಅವನ ಮೂರು ಪತ್ರಗಳು ಓದದೆಯೇ ಒಲೆ ಸೇರಿದವು. ಎರಡು ತಿಂಗಳ ಮೇಲೆ ಅವನೇ ಶಾಲೆಯ ಗೇಟಿಗೆ ಬಂದ.

“ಅಮ್ಮನ್ನ ಮೊದ್ಲೇ ಒಪ್ಪಿಸೋಣ ಅಂತ ಹೇಳ್ದೆ...”

“ನನ್ನ ಕೇಳ್ದೇನೇ?”

“ಕೇಳಿದ್ರೆ ನೀನು ಬೇಡ ಅಂತಿದ್ದೆ.”

“ಅದಕ್ಕೇ ಕೇಳ್ಬೇಕಿತ್ತು! ಕಾಯಿಲೆ ನಂದು, ಮಾತೂ ನಂದು!”

“ತಪ್ಪಾಯ್ತು... ನೆಪ ಹೇಳಲ್ಲ.”

ಭಾನುವಾರ ಅವಳೊಬ್ಬಳೇ ಕುಣಿಗಲ್ಲಿಗೆ ಹೋಗಿ ಮಹಾಲಕ್ಷ್ಮಮ್ಮನ ಎದುರು ಕುಳಿತಳು.

“ಮಕ್ಕಳಿಗೆ ಬರ್ಲೇಬೇಕು ಅಂತಿಲ್ಲ ಅಂದ್ರು ಡಾಕ್ಟ್ರು. ಬರೋದೇ ಇಲ್ಲ ಅಂತ ನಾನು ಸುಳ್ಳು ಹೇಳಲ್ಲ. ಇನ್ನೇನು ಕೇಳ್ಬೇಕೋ ನನ್ನನ್ನೇ ಕೇಳಿ.”

ಅವರು ಕೇಳುತ್ತಲೇ ಹೋದರು. ಅವಳು ಯಾವುದನ್ನೂ ಮುಚ್ಚಿಡಲಿಲ್ಲ. ಕೊನೆಗೆ ಮಹಾಲಕ್ಷ್ಮಮ್ಮ ಅವಳ ಕೈ ಹಿಡಿದರು. “ಅವತ್ತು ಎಲ್ಲರ ಮುಂದೆ ಅಂದ್ಬುಟ್ಟೆ, ನನ್ನದೂ ತಪ್ಪೇ ಕಣವ್ವಾ. ನೀನು ನಮ್ಮನೆಗೆ ಬಾ.”

ಬಸ್ಸು ಹತ್ತಿ ಕುಳಿತವಳ ಕಿಟಕಿಯ ಬಳಿ ಗುರುಸಿದ್ದಯ್ಯ ಓಡಿಬಂದ.

“ಅಮ್ಮ ಒಪ್ಪಿದ್ರಂತೆ... ನೀನು?”

“ನೋವು ಇನ್ನೂ ಹೋಗಿಲ್ಲ ರೀ.”

“ಹೋಗೋವರೆಗೂ ಕಾಯ್ತೀನಿ.”

ಅವಳು ಸೀಟಿನಲ್ಲಿ ತುಸು ಸರಿದು ಜಾಗ ಮಾಡಿದಳು. ಕಣ್ಣಲ್ಲಿ ನೀರು, ತುಟಿಯಲ್ಲಿ ನಗು.

“ಅಲ್ಲಿ ನಿಂತು ಯಾಕೆ ಕಾಯ್ತೀರಾ? ಬಂದು ಕೂತ್ಕೊಳ್ಳಿ...”