ಬತ್ತೀನಿ ಅಂದರೆ ಯಾವ ಕಡೆಗೆ?

"ಬರೀ ಮೂರೂವರೆ ಗಂಟೇಲಿ ನೈರೋಬಿನಾ? ನಮ್ಮ ಮಳವಳ್ಳಿಯಿಂದ ಬೆಂಗ್ಳೂರಿಗೇ ಬಸ್ಸು ಮೂರು ಗಂಟೆ ತಕತದೆ. ಟಿಕೆಟ್ಟು ಸರಿಯಾಗಿ ನೋಡಿ ಮೇಡಂ."

ಮದ್ದೂರಿನ ಟ್ರಾವೆಲ್ಸ್ ಕೌಂಟರಿನಲ್ಲಿ ಕೂತಿದ್ದ ಅರ್ಪಿತ ಸಿಟ್ಟಿನಿಂದ ತಲೆಯೆತ್ತಿದಳು. ಎದುರಿಗಿದ್ದವನ ಕಣ್ಣಲ್ಲಿ ಕೊಂಕಿರಲಿಲ್ಲ, ನಿಜವಾದ ಅನುಮಾನವಿತ್ತು. ಅವಳ ಸಿಟ್ಟು ಅಲ್ಲೇ ಕರಗಿತು.

"ಮುಂಬೈ ಬಿಡೋದು ನಮ್ಮ ನಾಲ್ಕಕ್ಕೆ, ಇಳಿಯೋದು ಅವ್ರ ಏಳೂವರೆಗೆ. ಅಲ್ಲಿನ ಗಡಿಯಾರ ಎರಡೂವರೆ ಗಂಟೆ ಹಿಂದೆ. ನಾಲ್ಕೂವರೆ ಸಾವಿರ ಕಿಲೋಮೀಟರು... ಪೂರ್ತಿ ಆರು ಗಂಟೆ ಹಿಡಿಯುತ್ತೆ."

"ಅಂಗಾ... ಈಗ ಗೊತ್ತಾಯ್ತು ಬುಡಿ."

ಅವನು ಶಶಿಧರ್. ಸಕ್ಕರೆ ಕಾರ್ಖಾನೆಯ ಫಿಟ್ಟರ್. ಒಂದು ವರ್ಷದ ಕೆಲಸಕ್ಕೆಂದು ಕೀನ್ಯಾಕ್ಕೆ ಹೊರಟಿದ್ದ.

ತಲುಪಿದೆ ಎಂದು ಹೇಳಲು ಅಲ್ಲಿಂದ ಅವನು ಮಾಡಿದ ಫೋನು ಅಲ್ಲಿಗೇ ನಿಲ್ಲಲಿಲ್ಲ; ಆ ಒಂದು ವರ್ಷ ಅವರಿಬ್ಬರು ಫೋನಿನಲ್ಲಿ ಮಾತಾಡದ ದಿನವಿಲ್ಲ. ಆಡಬೇಕಾದ ಒಂದು ಮಾತನ್ನು ಮಾತ್ರ ಇಬ್ಬರೂ ಆಡಲಿಲ್ಲ.

ಮೊನ್ನೆ ಅವನು ಕೇಳಿದ್ದ. "ಇನ್ನೆರಡು ವರ್ಸ ಇರು ಅಂತಾವ್ರೆ. ಇರ್ಲಾ, ಬುಟ್ಟು ಬರ್ಲಾ?"

"ನಿಮ್ಮಿಷ್ಟ," ಎಂದುಬಿಟ್ಟಿದ್ದಳು ಈ ಮಹಾತಾಯಿ. ಬನ್ನಿ ಎನ್ನಲು ಬಿಗುಮಾನ ಅಡ್ಡ ಬಂದಿತ್ತು. ಆಮೇಲೆ ಅವನ ಫೋನೇ ಇಲ್ಲ.

ಇವತ್ತು ಬೆಳಗ್ಗೆ ಹತ್ತಕ್ಕೆ ಒಂದೇ ಪದದ ಮೆಸೇಜು ಬಂತು.

"ಬತ್ತೀನಿ."

ತಕ್ಷಣ ಫೋನ್ ಮಾಡಿದಳು. ಸ್ವಿಚ್ ಆಫ್.

ಬತ್ತೀನಿ... ಅಂದರೆ? ನಮ್ಮ ಕಡೆ ಎದ್ದು ಹೊರಡುವವರೂ ಹೋಗ್ತೀನಿ ಅನ್ನುವುದಿಲ್ಲ, ಬತ್ತೀನಿ ಅಂತಲೇ ಹೇಳುವುದು. ಇವನು ನನ್ನ ಹತ್ತಿರ ಬರುತ್ತಿದ್ದಾನೋ, ನನ್ನನ್ನು ಬಿಟ್ಟು ಹೊರಟನೋ?

ಕಂಪ್ಯೂಟರಿನಲ್ಲಿ ಹುಡುಕಿದಳು. ನೈರೋಬಿಯಿಂದ ಮುಂಬೈಗೆ ಇವತ್ತು ಒಂದೇ ವಿಮಾನ, ಬೆಳಗ್ಗೆ ಎಂಟಕ್ಕೆ. ಮೆಸೇಜು ಬಂದದ್ದು ಹತ್ತಕ್ಕೆ. ವಿಮಾನ ಹಾರಿ ಎರಡು ಗಂಟೆಯಾದ ಮೇಲೆ ಕಳಿಸಿದ್ದಾನೆ. ಅಂದರೆ ಅವನು ಅದನ್ನು ಹತ್ತಿಲ್ಲ.

ಹಾಗಾದರೆ ಇದು ಕೊನೆಯ ಮಾತು... ಅವಳಿಗೆ ಆ ದಿನ ಊಟ ಸೇರಲಿಲ್ಲ.

ಮಾರನೆಯ ಬೆಳಗ್ಗೆ ಊದಿದ ಕಣ್ಣಿನಲ್ಲಿ ಅಂಗಡಿಯ ಬಾಗಿಲೆತ್ತುತ್ತಿದ್ದಳು. ಬೆನ್ನ ಹಿಂದೆ ಒಂದು ದನಿ ಕೇಳಿತು.

"ಇಲ್ಲಿಂದ ಮಳವಳ್ಳಿಗೆ ಎಷ್ಟೊತ್ತಾಯ್ತದೆ ಮೇಡಂ?"

ತಿರುಗಿದಳು. ಸೂಟ್‌ಕೇಸ್ ಹಿಡಿದು ಶಶಿಧರ್ ನಿಂತಿದ್ದ.

"ನೀವು... ವಿಮಾನ ಎಂಟಕ್ಕೆ ಹೋಯ್ತು... ಮೆಸೇಜು ಹತ್ತಕ್ಕೆ ಬಂತು..."

"ವಿಮಾನದ ಎಂಟು ಅಲ್ಲಿಯ ಎಂಟು. ನಿಮ್ಮ ಹತ್ತು ಅಂದ್ರೆ ಅಲ್ಲಿ ಏಳೂವರೆ. ವಿಮಾನ ಹತ್ತೋಕೆ ಮುಂಚೆ ಕಳಿಸಿ ಫೋನ್ ಆಫ್ ಮಾಡ್ದೆ. ಆ ಸಿಮ್ಮು ಇಲ್ಲಿ ನಡೆಯಾಕಿಲ್ಲ. ಎರಡೂವರೆ ಗಂಟೆ ಹಿಂದೆ ಅಂತ ನಂಗೆ ಪಾಠ ಮಾಡ್ದೋರು ಯಾರು?"

ಅಯ್ಯೋ ದೇವರೇ! ದಿನಕ್ಕೆ ಹತ್ತು ಜನಕ್ಕೆ ಹೇಳುವ ಲೆಕ್ಕವನ್ನು ತನ್ನ ಸರದಿ ಬಂದಾಗ ಮರೆತಿದ್ದಳು. ನಗು ಬಂತು, ಅದರ ಜೊತೆಗೇ ಅಳುವೂ ಬಂತು.

"ನೀವು ಬರಲ್ಲ ಅಂದ್ಕೊಂಡೆ. ನೀವಿಲ್ದೆ ನನ್ನ ಕೈಲಿ ಆಗಲ್ಲ ಶಶಿ."

"ಅದ್ನೇ ಮೊನ್ನೆ ಅಂದಿದ್ರೆ ಆಯ್ತಿರ್ಲಿಲ್ವಾ?"

"ಬಾಯಿ ಬರ್ಲಿಲ್ಲ."

"ನೀನು ಅನ್ನದಿದ್ರೂ ಬಂದೆ ಬುಡು. ನಂಗೂ ಆಗಾಕಿಲ್ಲ."

ಮಳವಳ್ಳಿ ಬಸ್ಸು ಹಾರನ್ ಹೊಡೆಯಿತು. ಅವನು ಸೂಟ್‌ಕೇಸ್ ಎತ್ತಿಕೊಂಡ.

"ಅವ್ವ ಕಾಯ್ತಾವ್ಳೆ. ಬತ್ತೀನಿ."

"ಬನ್ನಿ," ಎಂದಳು ಅರ್ಪಿತ. ಮೊನ್ನೆ ಗಂಟಲಲ್ಲೇ ಉಳಿದಿದ್ದ ಮಾತು ಅದು. ಆಮೇಲೆ ತಲೆ ತಗ್ಗಿಸಿ ಸೇರಿಸಿದಳು, "ಅವ್ವನ್ನೂ ಕರ್ಕೊಂಡು ನಮ್ಮನೇಗೆ ಬನ್ನಿ."