ಅಂಗಿಯ ತೋಳು

ಪಕ್ಕದ ಕೋಣೆಯಲ್ಲಿ ಮಂಚ ಬಿಚ್ಚುವ ಸದ್ದು ಕೇಳಿದ್ದೇ ತದ್ದೆಯಾ ಸೂಜಿ ನಿಲ್ಲಿಸಿದಳು. ಮಗುವಿಗೆಂದು ಹೊಲಿಯುತ್ತಿದ್ದ ಟೋಪಿ ಕೈಜಾರಿ ಬಿತ್ತು.

ಅದು ಅವಳು ಗಂಡನ ಜೊತೆ ಮಲಗುತ್ತಿದ್ದ ಮಂಚ. ಹಸಿರು ರೇಷ್ಮೆಯ ಪರದೆ, ಚಿನ್ನದ ರೇಕು ಹೊದಿಸಿದ ಕಂಬ. ಹೋದ ವರ್ಷ ಎದುರು ಅರಮನೆಯ ಸೊಸೆಯನ್ನು ತವರಿಗೆ ಅಟ್ಟಿದಾಗ ಮೊದಲು ಬೀದಿಗೆ ಬಂದದ್ದು ಅವಳ ಮಂಚವೇ. ಇಡೀ ಫೆರಾರಾ ಪಟ್ಟಣವೇ ನಿಂತು ನೋಡಿತ್ತು.

"ಯಾರು ಬಿಚ್ಚಿಸ್ತಿರೋದು?"

"ಯಜಮಾನ್ರೇ ಬಿಚ್ಚಿಸ್ತಿದ್ದಾರೆ, ಅಮ್ಮಾವ್ರೇ," ಸೂಲಗಿತ್ತಿ ಬೀಚೆ ತಲೆ ತಗ್ಗಿಸಿದಳು.

ಹೆರಿಗೆ ಇವತ್ತೋ ನಾಳೆಯೋ ಎನ್ನುವಂತಿತ್ತು. ಹೊಟ್ಟೆ ಕಾಣಿಸಿಕೊಂಡಾಗಿನಿಂದ ಗಂಡ ಗಲಾಸ್ಸೊ ಅವಳ ಮುಖ ನೋಡುವುದನ್ನೇ ಬಿಟ್ಟಿದ್ದ. ಈಗ ಮಂಚವೂ ಹೋಯಿತೇ? ಅವಳು ಗೋಡೆ ಹಿಡಿದುಕೊಂಡು ಎದ್ದು ಆ ಕೋಣೆಯ ಬಾಗಿಲಿಗೆ ಹೋದಳು.

ಕೋಣೆಯಲ್ಲಿ ಅತ್ತೆ ಕೂಗಾಡುತ್ತಿದ್ದಳು. "ತಲೆ ಕೆಟ್ಟಿದೆಯೇನೋ ನಿನಗೆ? ನಮ್ಮ ವಂಶವೆಲ್ಲ ಹುಟ್ಟಿದ ಮಂಚ ಕಣೋ ಇದು!"

"ನಿಮಗೆ ಇದರಲ್ಲಿ ಹುಟ್ಟಿದವರು ಕಾಣ್ತಾರೆ ಅಮ್ಮ. ನನಗೆ ಕಸಾಂದ್ರಾ ಕಾಣ್ತಾಳೆ," ಎಂದ ಗಲಾಸ್ಸೊ.

ಕಸಾಂದ್ರಾ ಅವನ ಮೊದಲ ಹೆಂಡತಿ. ಹೆರಿಗೆಯಲ್ಲಿ ತೀರಿಕೊಂಡವಳು. ಅದು ಈ ಮಂಚದಲ್ಲೇ ಎಂದು ಮಾತ್ರ ತದ್ದೆಯಾಳಿಗೆ ಯಾರೂ ಹೇಳಿರಲಿಲ್ಲ.

ಗಲಾಸ್ಸೊ ತಿರುಗಿದ. ಬಾಗಿಲಲ್ಲಿ ಅವಳನ್ನು ಕಂಡು ಬಣ್ಣಗೆಟ್ಟ. ಅತ್ತೆ ಬಡಗಿಗಳನ್ನು ಹೊರಗೆ ದಬ್ಬಿಕೊಂಡು ತಾನೂ ಹೋದಳು.

"ನನ್ನ ತವರಿಗೆ ಕಳಿಸ್ತೀರಿ ಅಂದ್ಕೊಂಡೆ," ಎಂದಳು ತದ್ದೆಯಾ.

"ನಿನ್ನನ್ನಾ? ಹುಚ್ಚಿ! ನೀನಿಲ್ಲದೆ ನಾನಿರ್ತೀನಾ?"

"ಮುಖ ನೋಡಲ್ವಲ್ಲ ನೀವು. ಊಟಕ್ಕೆ ಕೂತರೆ ಬೆಳ್ಳಿ ಹೂಜಿಯನ್ನೇ ನೋಡ್ತಿರ್ತೀರಿ."

"ಅದರಲ್ಲಿ ನೀನು ಕಾಣ್ತೀಯ." ಅವನ ಕಿವಿ ಕೆಂಪಾಯಿತು. "ನೇರವಾಗಿ ನೋಡಿದರೆ ನನ್ನ ಭಯ ನಿನಗೆ ಗೊತ್ತಾಗಿಬಿಡುತ್ತೆ ಅಂತ."

"ಹೂಜೀಲಿ ಹೇಗೆ ಕಾಣ್ತೀನಿ?"

"ಮೂಗು ಸ್ವಲ್ಪ ದಪ್ಪ."

ಅವಳಿಗೆ ನಗು ಬಂತು. ನಗುವಿನ ಜೊತೆಗೇ ಸೊಂಟ ಮುರಿಯುವಂಥ ನೋವೂ ಬಂತು.

ಆಮೇಲೆ ಮನೆಯೆಲ್ಲ ಓಡಾಟ. ಅವಳು ಹೊಲಿಯುತ್ತ ಕೂತಿದ್ದ ಕೋಣೆಯಲ್ಲೇ ಹಾಸಿಗೆ ಹಾಸಿದರು, ಒಲೆಯ ಬೆಂಕಿ ಜೋರು ಮಾಡಿದರು. ಹೆರಿಗೆಯ ಕೋಣೆಗೆ ಗಂಡಸರು ಕಾಲಿಡುವಂತಿಲ್ಲ. ಹೊಸ್ತಿಲಲ್ಲಿ ಅವಳು ಅವನ ಮುಂಗೈ ಬಿಡಲೇ ಇಲ್ಲ.

"ನನಗೆ ಭಯ ಆಗ್ತಿದೆ."

"ನನಗೂ," ಎಂದ ಅವನು. ಅಂಗಿಗೆ ಭುಜದ ಬಳಿ ದಾರದಿಂದ ಕಟ್ಟಿದ್ದ, ಬೇಕಾದಾಗ ಬಿಚ್ಚಿಡುವ ಮಖಮಲ್ಲಿನ ತೋಳೊಂದನ್ನು ಸರಸರ ಬಿಚ್ಚಿ ಅವಳ ಕೈಗೆ ಕೊಟ್ಟ. "ಇದನ್ನ ಹಿಡ್ಕೋ. ನಾನು ಇಲ್ಲೇ ಇರ್ತೀನಿ, ಎಲ್ಲೂ ಹೋಗಲ್ಲ."

"ಒಂದೇ ತೋಳಲ್ಲಿ? ಜನ ನಗ್ತಾರೆ ಕಣ್ರೀ."

"ನಗಲಿ."

ಬಾಗಿಲು ಮುಚ್ಚಿತು. ಹಗಲೆಲ್ಲ ಅವಳು ಆ ತೋಳನ್ನು ಹಿಂಡಿದಳು, ಹಲ್ಲಿನಲ್ಲಿ ಕಚ್ಚಿದಳು. ಕಣ್ಣು ಮುಚ್ಚಿದಾಗೆಲ್ಲ ಕಸಾಂದ್ರಾ ಪಕ್ಕದಲ್ಲೇ ಮಲಗಿದಂತೆ ಅನಿಸುತ್ತಿತ್ತು. ಒಮ್ಮೆ ಬೀಚೆಯ ಮುಖವೂ ಸಪ್ಪಗಾಯಿತು. ಇನ್ನು ಮುಗಿಯಿತು ಎಂದುಕೊಂಡಳು ತದ್ದೆಯಾ.

ಮಗು ಅತ್ತಿತು.

"ಹೆಣ್ಣು," ಎಂದಳು ಬೀಚೆ, ಬೆವರು ಒರೆಸಿಕೊಂಡು.

ಬಾಗಿಲ ಹೊರಗೆ ಮಾತ್ರ ಸದ್ದಿಲ್ಲ. ಅವನು ಮಗುವಿನ ಅಳು ಕೇಳಿದ್ದಾನೆ. ತಾಯಿ ಏನಾದಳೆಂದು ಕೇಳುವ ಧೈರ್ಯವಿಲ್ಲ. ತದ್ದೆಯಾಳಿಗೆ ಅದು ಅರ್ಥವಾಯಿತು. ಮಾತಾಡಲು ತ್ರಾಣವಿರಲಿಲ್ಲ, ಆದರೂ ಬೀಚೆಯ ಉಡುಪಿನ ಅಂಚು ಜಗ್ಗಿದಳು.

"ಹೋಗಿ ಹೇಳು. ಇನ್ನೊಂದು ತೋಳೂ ಬೇಕಂತೆ, ಮಗೂಗೆ ಸುತ್ತೋಕೆ."

"ಅಷ್ಟೇನಾ, ಅಮ್ಮಾವ್ರೇ?"

"ಅಷ್ಟು ಸಾಕು."

ಬೀಚೆ ಬಾಗಿಲನ್ನು ಒಂದಿಷ್ಟೇ ತೆರೆದು ಹಾಗೇ ಹೇಳಿದಳು. ಹೊರಗೆ ದಾರಗಳು ಪಟಪಟನೆ ಕಿತ್ತುಬಂದ ಸದ್ದು, ಹಿಂದೆಯೇ ಗಲಾಸ್ಸೊ ಗೊಳೋ ಎಂದು ಅತ್ತ ಸದ್ದು. "ಆಳುಕಾಳು ನೋಡ್ತಿದ್ದಾರೋ!" ಎಂದು ಅತ್ತೆ ಗದರಿದಳು. ಸಂದಿಯಿಂದ ತೋಳು ಒಳಗೆ ಬಂತು. ಅದರ ಹಿಂದೆ, ತಡೆದ ಬೀಚೆಯನ್ನು ಸರಿಸಿ, ಅವನೂ ಬಂದ.